ಹೊಟ್ಟೆ ತುಂಬಿದರೂ ತೀರದ ಹಸಿವು: ಮೂರು ತಲೆಮಾರಿನ ಒಂದು ಪ್ರಕರಣ

ಹುಡುಗ ಮೊದಲ ಸಲ ನನ್ನ ಕೊಠಡಿಗೆ ಬಂದಾಗ ಅವನಿಗೆ 9 ವರ್ಷ. ತೂಕ 62 ಕಿಲೋ, ಎತ್ತರ 143 ಸೆಂಟಿಮೀಟರ್. ತಾಯಿಯ ಕೈಯಲ್ಲಿ ದಪ್ಪನೆಯ ನೋಟ್‌ಬುಕ್ ಇತ್ತು. ಮಗ ಏನು ತಿಂದ, ಎಷ್ಟು ತಿಂದ, ಎಷ್ಟು ಹೊತ್ತಿಗೆ ತಿಂದ ಎಂಬುದನ್ನು ಆರು ತಿಂಗಳಿಂದ ಒಂದು ದಿನವೂ ತಪ್ಪದೆ ಬರೆದಿಟ್ಟಿದ್ದರು. ನಾನು ಪುಟಗಳನ್ನು ತಿರುವಿ ನೋಡಿದೆ. ಇಷ್ಟೇ ತಿನ್ನುವ ಮಗು ಇಷ್ಟು ತೂಗಲು ಸಾಧ್ಯವೇ ಇಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ವೈದ್ಯರ ಮುಖ ಓದುವುದು ತಾಯಂದಿರಿಗೆ ಚೆನ್ನಾಗಿ ಗೊತ್ತು. ಅವರು ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡರು.

ಅವರು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು. ಆ ಒಂದು ವರ್ಷ ವ್ಯರ್ಥವಾದದ್ದು ಹೇಗೆ, ಆಮೇಲಿನ ನಾಲ್ಕು ವರ್ಷಗಳಲ್ಲಿ ಏನಾಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕುಟುಂಬದ ಒಪ್ಪಿಗೆ ಇದೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆಯ ನಡೆಯನ್ನಾಗಲಿ, ನಾವು ತೆಗೆದುಕೊಂಡ ನಿರ್ಧಾರಗಳನ್ನಾಗಲಿ, ನನ್ನ ತಪ್ಪುಗಳನ್ನಾಗಲಿ ಬದಲಿಸಿಲ್ಲ.

ಹಿನ್ನೆಲೆ

ಹುಟ್ಟಿದಾಗ ಮಗುವಿನ ತೂಕ 3.2 ಕಿಲೋ, ಎಲ್ಲ ಮಕ್ಕಳಂತೆ. ಎಂಟನೆಯ ತಿಂಗಳಿಂದ ತೂಕ ಏರತೊಡಗಿತು. 2 ವರ್ಷಕ್ಕೆ 18 ಕಿಲೋ, 5 ವರ್ಷಕ್ಕೆ 36 ಕಿಲೋ. ಲಸಿಕೆಯ ಪುಸ್ತಕದ ಹಿಂಬದಿಯಲ್ಲಿದ್ದ ಬೆಳವಣಿಗೆ ನಕ್ಷೆಯಲ್ಲಿ ಯಾರೋ ನೀಲಿ ಶಾಯಿಯಿಂದ ಚುಕ್ಕೆ ಇಟ್ಟಿದ್ದರು. ಮೂರನೆಯ ವರ್ಷದ ಚುಕ್ಕೆ ಮುದ್ರಿತ ಗೆರೆಗಳನ್ನೆಲ್ಲ ದಾಟಿ ಕಾಗದದ ಖಾಲಿ ಅಂಚಿನಲ್ಲಿತ್ತು. ಆಮೇಲೆ ಯಾರೂ ಚುಕ್ಕೆ ಇಟ್ಟಿರಲಿಲ್ಲ.

ಎತ್ತರದ ಗೆರೆಯೂ ಮೇಲ್ಮುಖವಾಗಿಯೇ ಸಾಗಿತ್ತು. ಇದು ಮುಖ್ಯ. ಥೈರಾಯ್ಡ್ ಕೊರತೆಯಿಂದಲೋ ಕಾರ್ಟಿಸಾಲ್ ಹೆಚ್ಚಳದಿಂದಲೋ ದಪ್ಪಗಾಗುವ ಮಕ್ಕಳ ಎತ್ತರ ಕುಂಠಿತವಾಗುತ್ತದೆ. ಈ ಹುಡುಗ ತನ್ನ ತರಗತಿಯಲ್ಲಿ ಎಲ್ಲರಿಗಿಂತ ಎತ್ತರ. ಓದಿನಲ್ಲಿ ಚುರುಕು. ಕೈಕಾಲುಗಳಲ್ಲಿ ಹೆಚ್ಚುವರಿ ಬೆರಳಿಲ್ಲ, ದೃಷ್ಟಿ ಸರಿಯಿದೆ, ಹಸುಗೂಸಾಗಿದ್ದಾಗ ಮೈ ಸಡಿಲವಾಗಿರಲಿಲ್ಲ, ಹಾಲು ಹೀರಲು ಕಷ್ಟಪಟ್ಟಿರಲಿಲ್ಲ. ಹಾಗಾಗಿ ಹುಟ್ಟಿನಿಂದಲೇ ಇದ್ದು ಬೊಜ್ಜು ತರುವ ಬಾರ್ಡೆಟ್-ಬೀಡಲ್, ಪ್ರೇಡರ್-ವಿಲ್ಲಿಯಂಥ ಲಕ್ಷಣಕೂಟಗಳನ್ನು ಬಹುಮಟ್ಟಿಗೆ ಬದಿಗಿಡಬಹುದಿತ್ತು.

ಮನೆಯಲ್ಲಿ ಐದು ಜನ. ತಂದೆ 104 ಕಿಲೋ, ಚಿಕ್ಕಂದಿನಿಂದಲೂ ದಪ್ಪ. ತಾಯಿಯ ತೂಕ ಸಹಜ. 6 ವರ್ಷದ ತಂಗಿ ತೆಳ್ಳಗಿದ್ದಳು. ತಂದೆಯ ತಂದೆಗೆ 68 ವರ್ಷ, ತೂಕ 74 ಕಿಲೋ. ತುಸು ಹೆಚ್ಚೆನ್ನಬಹುದು, ಅಷ್ಟೇ. ಒಂದೇ ಅಡುಗೆಮನೆ, ಒಂದೇ ಪಾತ್ರೆಯ ಊಟ. ತಂಗಿ ಅರ್ಧ ತಟ್ಟೆಗೇ ಸಾಕೆಂದು ಎದ್ದು ಹೋಗುತ್ತಿದ್ದಳು, ಅಣ್ಣ ಅವಳ ತಟ್ಟೆಯನ್ನೇ ನೋಡುತ್ತ ಕೂತಿರುತ್ತಿದ್ದ. ನೆಂಟರು ಇದನ್ನು ನೋಡಿ ಮಗನನ್ನು ಮುದ್ದು ಮಾಡಿ ಹಾಳು ಮಾಡಿದ್ದೀರಿ ಎನ್ನುತ್ತಿದ್ದರು. ಅದೇ ತಾಯಿ ಮಗಳನ್ನೂ ಸಾಕುತ್ತಿದ್ದಾರೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆಯಲಿಲ್ಲ.

ರಾತ್ರಿ ಹೊತ್ತು ಡಬ್ಬಿಗಳು ಖಾಲಿಯಾಗತೊಡಗಿದಾಗ ತಂದೆ ಅಡುಗೆಮನೆಗೆ ಬೀಗ ಹಾಕಿದರು. ಶಾಲೆಯಿಂದ ದೂರು ಬಂತು, ಬೇರೆ ಮಕ್ಕಳ ಊಟದ ಡಬ್ಬಿ ತೆರೆದಿದ್ದಾನೆಂದು. ಇಡೀ ತರಗತಿಯ ಎದುರು ಅವನ ಚೀಲ ತಪಾಸಣೆಯಾಯಿತು. ಅಂದಿನಿಂದ ಅವನು ಮನೆಯಲ್ಲಿ ಹೆಚ್ಚು ಮಾತಾಡುವುದನ್ನು ಬಿಟ್ಟ.

ಮೊದಲ ವರ್ಷ

ನಮ್ಮಲ್ಲಿ ಹನ್ನೊಂದು ವಾರಗಳ ಕಾರ್ಯಕ್ರಮವೊಂದಿದೆ. ಅಳತೆಯ ಊಟ, ದಿನವೂ ಆಟ, ವಾರಕ್ಕೊಮ್ಮೆ ಕುಟುಂಬದೊಂದಿಗೆ ಮಾತುಕತೆ. ಹುಡುಗ ಒಂದು ದಿನವೂ ತಪ್ಪಿಸಲಿಲ್ಲ. 4 ಕಿಲೋ ಇಳಿದ. ನಾವೆಲ್ಲ ಸಂತೋಷಪಟ್ಟೆವು. ಮುಂದಿನ ನಾಲ್ಕು ತಿಂಗಳಲ್ಲಿ 7 ಕಿಲೋ ಏರಿದ.

ಜರ್ಮನಿಯ ಒಂದು ಅಧ್ಯಯನ ಆಗಲೇ ಪ್ರಕಟವಾಗಿತ್ತು. ಒಂದು ನಿರ್ದಿಷ್ಟ ವಂಶವಾಹಿ ದೋಷವಿರುವ ಮಕ್ಕಳು ಜೀವನಶೈಲಿ ಬದಲಾವಣೆಯ ಕಾರ್ಯಕ್ರಮದಲ್ಲಿ ಉಳಿದ ಮಕ್ಕಳಷ್ಟೇ ತೂಕ ಇಳಿಸುತ್ತಾರೆ, ಆದರೆ ಇಳಿದದ್ದನ್ನು ಕಾಪಾಡಿಕೊಳ್ಳಲಾರರು ಎಂದು ಅದು ತೋರಿಸಿತ್ತು. ನಮ್ಮ ಹುಡುಗನ ನಕ್ಷೆ ಅದೇ ಕಥೆ ಹೇಳುತ್ತಿತ್ತು. ನಾನು ಮಾತ್ರ ಕಡತದಲ್ಲಿ ‘ಮನೆಯವರ ಸಹಕಾರ ಸಾಲದು’ ಎಂದು ಬರೆದೆ. ಆ ಸಾಲು ಈಗಲೂ ಕಡತದಲ್ಲಿದೆ. ನಾನು ಅದನ್ನು ಅಳಿಸಿಲ್ಲ.

ಸಹಕಾರ ಸಾಲದು ಎನ್ನಲು ನನಗೊಂದು ಸಾಕ್ಷಿಯೂ ಸಿಕ್ಕಿತ್ತು. ಅಜ್ಜ ಕದ್ದುಮುಚ್ಚಿ ಮೊಮ್ಮಗನಿಗೆ ತಿನ್ನಲು ಕೊಡುತ್ತಿದ್ದಾರೆಂದು ತಾಯಿಗೆ ಗೊತ್ತಾಗಿತ್ತು. ನೋಟ್‌ಬುಕ್ಕಿನ ಲೆಕ್ಕಕ್ಕೆ ಸಿಗದೆ ಹೋದದ್ದರಲ್ಲಿ ಒಂದಿಷ್ಟು ಅಲ್ಲಿತ್ತು. ಅಜ್ಜನನ್ನು ಕರೆಸಿ, ನಿಮ್ಮ ಪ್ರೀತಿ ಮಗುವಿಗೆ ವಿಷವಾಗುತ್ತಿದೆ ಎಂದೆ. ಅವರು ಕೈಕಟ್ಟಿ ನಿಂತು ಕೇಳಿಸಿಕೊಂಡರು. ಒಂದೇ ಒಂದು ಮಾತೂ ಆಡದೆ ಹೊರಟುಹೋದರು.

ಆ ರಾತ್ರಿ ವಾರ್ಡಿನಲ್ಲಿ

ಗೊರಕೆ ವಿಪರೀತವಾದ್ದರಿಂದ ನಿದ್ರೆಯ ಪರೀಕ್ಷೆಗೆಂದು ಹುಡುಗನನ್ನು ಎರಡು ದಿನ ದಾಖಲಿಸಿಕೊಂಡೆವು. ಸಂಜೆಯ ಊಟದ ಹೊತ್ತಿಗೆ ನಾನು ಆಕಸ್ಮಿಕವಾಗಿ ಅಲ್ಲೇ ಇದ್ದೆ. ಅವನ ವಯಸ್ಸಿಗೆ ಬೇಕಾದುದಕ್ಕಿಂತ ತುಸು ಹೆಚ್ಚೇ ಬಡಿಸಿದ್ದರು. ಅವನು ಆತುರಪಡಲಿಲ್ಲ. ಒಂದೊಂದೇ ತುತ್ತು ಮುಗಿಸಿ, ತಟ್ಟೆಯ ಅಂಚನ್ನು ಬೆರಳಿನಿಂದ ಸುತ್ತಲೂ ಒರೆಸಿ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಲೆಯೆತ್ತಿದ. ನಾನು ಬೇರೆ ಕಡೆ ತಿರುಗಿದೆ. ಆಮೇಲೆ ಮೂರು ಲೋಟ ನೀರನ್ನು ಒಂದರ ಹಿಂದೊಂದು ಕುಡಿದ. ಇಪ್ಪತ್ತು ನಿಮಿಷ ಕಳೆದಿರಬಹುದು. ನಾಳೆ ಬೆಳಗಿನ ತಿಂಡಿ ಎಷ್ಟು ಗಂಟೆಗೆ ಎಂದು ನರ್ಸನ್ನು ಮೆಲ್ಲಗೆ ಕೇಳಿದ.

ನಾನು ಮಂಚದ ಅಂಚಿನಲ್ಲಿ ಕೂತು, “ಹೊಟ್ಟೆ ತುಂಬಿತೇನಪ್ಪ?” ಎಂದು ಕೇಳಿದೆ.

“ಹೊಟ್ಟೆ ತುಂಬಿದೆ ಡಾಕ್ಟರ್. ಹಸಿವು ಹೋಗಿಲ್ಲ.”

ಹಸಿವು ಮತ್ತು ಹೊಟ್ಟೆ ಬೇರೆಬೇರೆ ಎಂದು ಆ ಮಗು ತನ್ನ ಅನುಭವದಿಂದ ಹೇಳುತ್ತಿತ್ತು. ಪಠ್ಯಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದ ನಾನು ಅದನ್ನು ಮರೆತಿದ್ದೆ. ಅಲ್ಲಿಯವರೆಗೆ ಅವನೆಷ್ಟು ತಿನ್ನುತ್ತಾನೆ ಎಂದು ಎಲ್ಲರೂ ಕೇಳಿದ್ದೆವು. ತಿಂದ ಮೇಲೆ ಅವನಿಗೆ ಏನನ್ನಿಸುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಸಾಕು ಎನಿಸುವುದು ಹೇಗೆ

ದೇಹದ ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಸಂಗ್ರಹ ಎಷ್ಟಿದೆ ಎಂದು ಮಿದುಳಿಗೆ ತಿಳಿಸುವುದು ಅದರ ಕೆಲಸ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದರ ವಂಶವಾಹಿಯನ್ನು ಪತ್ತೆ ಮಾಡಿತು. ಮೂರು ವರ್ಷಗಳ ಬಳಿಕ ಕೇಂಬ್ರಿಜ್‌ನ ಸಂಶೋಧಕರು ಲೆಪ್ಟಿನ್ ಸಂಪೂರ್ಣ ಇಲ್ಲದ ಇಬ್ಬರು ಮಕ್ಕಳನ್ನು ವರದಿ ಮಾಡಿದರು. ಇಬ್ಬರೂ ಒಂದೇ ಬಂಧುಬಳಗದವರು. 8 ವರ್ಷದ ಹುಡುಗಿ 86 ಕಿಲೋ, 2 ವರ್ಷದ ಹುಡುಗ 29 ಕಿಲೋ. ಹುಡುಗಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ಇಳಿಯಿತು, ತೂಕವೂ ಇಳಿಯಿತು. ಒಂದೇ ಒಂದು ಅಣು ಮನುಷ್ಯನ ಊಟದ ವರ್ತನೆಯನ್ನು ಇಷ್ಟು ಬದಲಿಸಬಲ್ಲದು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಲೆಪ್ಟಿನ್ ತಂದ ಸುದ್ದಿಯನ್ನು ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ನ ನರಕೋಶಗಳು ಮುಂದೆ ದಾಟಿಸುತ್ತವೆ. ಪಿಒಎಂಸಿ ಎಂಬ ದೊಡ್ಡ ಪ್ರೋಟೀನು ತುಂಡಾಗಿ ಅದರಿಂದ ಒಂದು ಸಂದೇಶವಾಹಕ ಹುಟ್ಟುತ್ತದೆ. ಅದು ಎಂಸಿ4ಆರ್ ಎಂಬ ಗ್ರಾಹಕಕ್ಕೆ, ಅಂದರೆ ಸಂದೇಶ ಹಿಡಿಯಲು ನರಕೋಶದ ಮೇಲ್ಮೈಯಲ್ಲಿರುವ ಪ್ರೋಟೀನಿಗೆ, ಹೋಗಿ ಕೂರುತ್ತದೆ. ಆಗ ನಮಗೆ ‘ಸಾಕು’ ಎನಿಸುತ್ತದೆ. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಸಾಕೆಂಬ ಸುದ್ದಿ ಮುಟ್ಟುವುದಿಲ್ಲ. ಮನುಷ್ಯರಲ್ಲಿ ಹೆಚ್ಚಾಗಿ ಕಳಚುವುದು ಈ ಎಂಸಿ4ಆರ್ ಕೊಂಡಿಯೇ. ಇದರ ವಂಶವಾಹಿ 18ನೆಯ ವರ್ಣತಂತುವಿನಲ್ಲಿದೆ. 1998ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ನಿನ ಎರಡು ತಂಡಗಳು ಸ್ಥೂಲಕಾಯದ ಕುಟುಂಬಗಳಲ್ಲಿ ಇದರ ದೋಷವನ್ನು ಮೊದಲಿಗೆ ಗುರುತಿಸಿದವು. ಚಿಕ್ಕಂದಿನಲ್ಲೇ ತೀವ್ರ ಬೊಜ್ಜು ಬಂದ 500 ಜನರನ್ನು ಪರೀಕ್ಷಿಸಿದ 2003ರ ಅಧ್ಯಯನದಲ್ಲಿ ಶೇ 5.8ರಷ್ಟು ಮಂದಿಯಲ್ಲಿ ಈ ದೋಷ ಕಂಡಿತು. ತಂದೆ ತಾಯಿಯಿಂದ ಬರುವ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಪರಿಣಾಮ ಉಂಟು.

ಈ ಮಕ್ಕಳು ವಯಸ್ಸಿಗೆ ಮೀರಿ ಎತ್ತರ ಬೆಳೆಯುತ್ತಾರೆ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುತ್ತದೆ. ಇಷ್ಟು ತೂಕಕ್ಕೆ ಏರಬೇಕಾದ ರಕ್ತದೊತ್ತಡ ಏರಿರುವುದಿಲ್ಲ. ನಮ್ಮ ಹುಡುಗನಲ್ಲಿ ಮೂರೂ ಇದ್ದವು. ಲೆಪ್ಟಿನ್ ಅಳತೆ ಅವನ ಕೊಬ್ಬಿಗೆ ತಕ್ಕಂತೆ ಹೆಚ್ಚೇ ಇತ್ತು, ಅಂದರೆ ಸುದ್ದಿ ಹೊರಟಿತ್ತು, ತಲುಪುತ್ತಿರಲಿಲ್ಲ.

ತಾಯಿ ಹೇಳಿದ ಒಂದು ಸಂಗತಿಯನ್ನೂ ಇಲ್ಲಿ ಸೇರಿಸಬೇಕು. ಮನೆಯವರು ಸಿಹಿಯನ್ನೆಲ್ಲ ಬಚ್ಚಿಟ್ಟಿದ್ದರು. “ಅವನು ಸಿಹಿಯ ಗೋಜಿಗೇ ಹೋಗುವುದಿಲ್ಲ ಮೇಡಂ, ಜಿಡ್ಡಿನ ಪದಾರ್ಥ ಹುಡುಕುತ್ತಾನೆ” ಎಂದು ಅವರು ಮೊದಲ ದಿನವೇ ಹೇಳಿದ್ದರು, ನಾನು ಗಮನ ಕೊಟ್ಟಿರಲಿಲ್ಲ. ಎಂಸಿ4ಆರ್ ದೋಷವಿರುವವರು ನೋಡಲು ಒಂದೇ ತರಹ ಇರುವ ಆಹಾರಗಳಲ್ಲಿ ಕೊಬ್ಬು ಹೆಚ್ಚಿರುವುದನ್ನೇ ಹೆಚ್ಚು ತಿನ್ನುತ್ತಾರೆ, ಸಕ್ಕರೆಯ ಒಲವು ಅವರಲ್ಲಿ ಕಡಿಮೆ ಎಂದು 2016ರಲ್ಲಿ ಕೇಂಬ್ರಿಜ್‌ನಲ್ಲೇ ನಡೆದ ಪ್ರಯೋಗ ತೋರಿಸಿದೆ. ತಾಯಿಗೆ ಆ ಪ್ರಯೋಗ ಗೊತ್ತಿರಲಿಲ್ಲ. ಅವರು ಮಗನನ್ನು ನೋಡಿ ಹೇಳಿದ್ದರು.

ಪರೀಕ್ಷೆ ಮಾಡಿಸುವುದೋ ಬೇಡವೋ

ತಂದೆಗೆ ಮನಸ್ಸಿರಲಿಲ್ಲ. ಫಲಿತಾಂಶ ಏನೇ ಬಂದರೂ ಕಡಿಮೆ ತಿನ್ನಬೇಕು, ಓಡಾಡಬೇಕು ಎಂದು ತಾನೇ ನೀವು ಹೇಳುವುದು ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ನಾನು ಉತ್ತರ ಹುಡುಕುತ್ತಿರುವಾಗ ತಾಯಿಯೇ ಮಾತಾಡಿದರು: “ಏನೂ ಬದಲಾಗದಿದ್ದರೂ ಪರವಾಗಿಲ್ಲ. ನಾನು ಎಲ್ಲಿ ತಪ್ಪಿದೆ ಎಂದು ಒಂಬತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಅದೊಂದು ನಿಲ್ಲಲಿ.”

ಚಿಕಿತ್ಸೆ ಬದಲಾಗುವಂತಿದ್ದರೆ ಮಾತ್ರ ಪರೀಕ್ಷೆ ಮಾಡಿಸಬೇಕು ಎಂಬ ನಿಯಮವನ್ನು ನಾನು ಬಹಳ ಕಾಲ ಪಾಲಿಸಿದವಳು. ಆ ದಿನದಿಂದ ಅದನ್ನು ಸಡಿಲಿಸಿದ್ದೇನೆ. ಕಾರಣ ತಿಳಿಯುವುದೂ ಕೆಲವು ಮನೆಗಳಿಗೆ ಚಿಕಿತ್ಸೆಯೇ.

ವರದಿ ಬಂತು. ಎಂಸಿ4ಆರ್‌ನ ಒಂದು ಪ್ರತಿಯಲ್ಲಿ ಒಂದಕ್ಷರದ ಬದಲಾವಣೆ. ಇಲ್ಲಿ ಅವಸರಪಡಬಾರದು. ವಂಶವಾಹಿಯಲ್ಲಿ ಬದಲಾವಣೆ ಕಂಡಿತೆಂದ ಮಾತ್ರಕ್ಕೆ ಅದು ದೋಷವೆಂದು ಅರ್ಥವಲ್ಲ. ಇದೇ ವಂಶವಾಹಿಯಿಂದ ತಯಾರಾಗುವ ಪ್ರೋಟೀನಿನ 103ನೆಯ ಸ್ಥಾನದಲ್ಲಿ ವ್ಯಾಲೀನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಐಸೊಲ್ಯೂಸಿನ್ ಎಂಬ ಇನ್ನೊಂದು ಬರುವ ಬದಲಾವಣೆಯೊಂದಿದೆ, ಅದು ಬೊಜ್ಜಿನಿಂದ ಕೊಂಚ ರಕ್ಷಣೆಯನ್ನೇ ಕೊಡುತ್ತದೆ. ವರದಿ ಹಿಡಿದು ಮನೆಯವರನ್ನು ಕರೆಯುವ ಮೊದಲು, ನಮ್ಮ ಹುಡುಗನಲ್ಲಿ ಕಂಡ ಬದಲಾವಣೆಯ ಮೇಲೆ ಪ್ರಯೋಗಾಲಯದಲ್ಲಿ ನಡೆದ ಕೆಲಸವನ್ನು ವಂಶವಾಹಿ ತಜ್ಞರೊಂದಿಗೆ ಕೂತು ಓದಿದೆ. ಗ್ರಾಹಕವು ಕೋಶದ ಮೇಲ್ಮೈಗೆ ಬಾರದೆ ಒಳಗೇ ಉಳಿದುಬಿಡುತ್ತದೆ ಎಂದು ಸ್ಪಷ್ಟವಾದ ಮೇಲೆ ಹಿರಿಯರ ರಕ್ತ ಕೇಳಿದೆವು. ತಾಯಿಯಲ್ಲಿ ಇಲ್ಲ, ತಂದೆಯಲ್ಲಿ ಇದೆ, ಅಜ್ಜನಲ್ಲೂ ಇದೆ.

ಅಜ್ಜನ ಮಾತು

ಫಲಿತಾಂಶ ಹೇಳುವ ದಿನ ಮೂವರೂ ಬಂದಿದ್ದರು. ತಂದೆ ಬಹಳ ಹೊತ್ತು ನೆಲ ನೋಡುತ್ತ ಕೂತಿದ್ದು, “ಹಾಗಾದರೆ ಇದು ನನ್ನಿಂದಲೇ ಬಂದದ್ದು” ಎಂದರು. ಅಜ್ಜ ಮಗನ ಭುಜ ಮುಟ್ಟಿ, “ನಿನಗೆ ನನ್ನಿಂದ ಬಂತು. ನನಗೆ ಯಾರಿಂದಲೋ” ಎಂದರು. ಆಮೇಲೆ ನನ್ನ ಕಡೆ ತಿರುಗಿ, ಒಂದು ವರ್ಷದ ಹಿಂದೆ ಆಡದೆ ಉಳಿಸಿಕೊಂಡ ಮಾತನ್ನು ಆಡಿದರು.

“ಇವನ ಹಸಿವು ನನಗೆ ಗೊತ್ತು ಮೇಡಂ. ನನಗೂ ಅದೇ ಇತ್ತು. ನಮ್ಮ ಕಾಲದಲ್ಲಿ ಪಾತ್ರೆಯಲ್ಲಿ ಇದ್ದದ್ದೇ ಅಷ್ಟು, ಅದು ತೀರಿದರೆ ತೀರಿತು. ಹೊತ್ತಾರೆಯಿಂದ ಕೆಲಸ. ರಾತ್ರಿ ಹಸಿವಿನಿಂದ ಎಚ್ಚರವಾದರೆ ನೀರು ಕುಡಿದು ಮಲಗುತ್ತಿದ್ದೆ. ಇವನು ನೀರು ಕುಡಿಯುವುದನ್ನು ನೋಡಿ ತಡೆಯಲಾಗಲಿಲ್ಲ, ಅದಕ್ಕೇ ಕೊಟ್ಟೆ.”

ನಾನು ಅವರ ಕ್ಷಮೆ ಕೇಳಿದೆ.

ಒಂದೇ ಮನೆ, ಒಂದೇ ಬದಲಾವಣೆ, ಮೂರು ದೇಹಗಳು. ಅಜ್ಜ 74 ಕಿಲೋಗೆ ನಿಂತರು, ತಂದೆ 104ಕ್ಕೆ ಹೋದರು, ಮೊಮ್ಮಗ 9ನೇ ವಯಸ್ಸಿಗೇ 62 ಮುಟ್ಟಿದ. ಎಂಸಿ4ಆರ್ ದೋಷವಿರುವ ಕುಟುಂಬಗಳನ್ನು ತಲೆಮಾರುಗಳ ಪ್ರಕಾರ ವಿಂಗಡಿಸಿ ನೋಡಿದವರಿಗೆ ಕಂಡದ್ದೂ ಇದೇ, ಕಿರಿಯ ತಲೆಮಾರಿಗೆ ಬಂದಂತೆ ಬೊಜ್ಜು ಹೆಚ್ಚುತ್ತ ಹೋಗುತ್ತದೆ. ವಂಶವಾಹಿ ಹಸಿವಿನ ಮಟ್ಟವನ್ನು ಹೇಳುತ್ತದೆ. ಆ ಹಸಿವಿಗೆ ಸುತ್ತಮುತ್ತ ಏನು ಸಿಗುತ್ತದೆ ಎಂಬುದು ತೂಕವನ್ನು ಹೇಳುತ್ತದೆ. ಈ ಎರಡು ವಾಕ್ಯಗಳನ್ನು ನಾನು ಯಾವ ಪುಸ್ತಕದಿಂದ ಕಲಿತದ್ದಕ್ಕಿಂತಲೂ ಗಟ್ಟಿಯಾಗಿ ಆ ಮಧ್ಯಾಹ್ನ ಕಲಿತೆ.

ಹುಡುಗನಿಗೆ ಹೇಳಿದ್ದು

ಮಗುವಿಗೆ ಹೇಳುವುದು ಬೇಡ ಎಂದು ತಂದೆ, ಹೇಳಲೇಬೇಕು ಎಂದು ತಾಯಿ. ಅವನ ದೇಹದ ಬಗ್ಗೆ ಊರಿಗೆಲ್ಲ ಅಭಿಪ್ರಾಯವಿರುವಾಗ ಅವನೊಬ್ಬನಿಗೆ ಸತ್ಯ ಗೊತ್ತಿರಬಾರದೇಕೆ ಎಂದು ನಾನು ತಾಯಿಯ ಪರ ನಿಂತೆ. ಹೇಳಲು ಬಾಗಿಲ ಗಂಟೆಯ ಹೋಲಿಕೆ ಬಳಸಿದೆ. ಊಟವಾದ ಮೇಲೆ ಹೊಟ್ಟೆ ಗಂಟೆ ಒತ್ತುತ್ತದೆ, ಎಲ್ಲರ ತಲೆಯೊಳಗೂ ಅದು ಜೋರಾಗಿ ಕೇಳುತ್ತದೆ, ನಿನ್ನ ತಲೆಯೊಳಗೆ ಮೆಲ್ಲಗೆ ಕೇಳುತ್ತದೆ. ಒತ್ತುವ ಕೈಯದೂ ತಪ್ಪಿಲ್ಲ, ನಿನ್ನದೂ ತಪ್ಪಿಲ್ಲ.

ಅವನು ಯೋಚಿಸಿ, “ಅಪ್ಪನಿಗೂ ಮೆಲ್ಲಗೇ ಕೇಳುತ್ತದೆಯೇ?” ಎಂದು ಕೇಳಿದ. ತಂದೆ ಹೌದೆಂದು ತಲೆಯಾಡಿಸಿದರು. ಬೀಗದ ಕೈ ಇಟ್ಟುಕೊಂಡಿದ್ದ ಮನುಷ್ಯನಿಗೂ ತನ್ನಷ್ಟೇ ಹಸಿವು ಎಂಬುದು ಹುಡುಗನಿಗೆ ಅದೇ ಮೊದಲು ತಿಳಿದದ್ದು.

ಮನೆಯಲ್ಲಿ ಬದಲಾದದ್ದು

ಬೀಗ ತೆಗೆಸಿದೆವು. ಎಲ್ಲ ಮಕ್ಕಳ ವಿಷಯದಲ್ಲೂ ಇದು ಸರಿಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಪ್ರೇಡರ್-ವಿಲ್ಲಿ ಮಕ್ಕಳಿಗೆ ಬೀಗವೇ ನೆಮ್ಮದಿ ಕೊಡುವುದುಂಟು. ನಮ್ಮ ಹುಡುಗನಿಗೆ ಅದು ಅವಮಾನವಾಗಿತ್ತು, ಅವಮಾನ ಕದ್ದು ತಿನ್ನುವುದನ್ನು ಹೆಚ್ಚಿಸಿತ್ತು. ಬೀಗದ ಬದಲು ಊಟದ ವೇಳೆಯನ್ನು ನಿಮಿಷ ತಪ್ಪದಂತೆ ಗೊತ್ತುಮಾಡಿದೆವು. ಮುಂದಿನ ಊಟ ಯಾವಾಗ ಎಂದು ಖಚಿತವಾಗಿ ಗೊತ್ತಿದ್ದರೆ ಹಸಿವನ್ನು ಸಹಿಸುವುದು ಸುಲಭ, ಗೊತ್ತಿಲ್ಲದಿದ್ದರೆ ಅದು ಭಯವಾಗುತ್ತದೆ. ಕಣ್ಣಿಗೆ ಕಾಣುವ ಕಡೆ ಯಾವ ತಿನಿಸೂ ಇರಬಾರದು. ಬಡಿಸಿದ ತಟ್ಟೆ ಅಡುಗೆಮನೆಯಿಂದ ಬರಬೇಕು, ಪಾತ್ರೆ ಊಟದ ಜಾಗಕ್ಕೆ ಬರಬಾರದು. ಜಿಡ್ಡು ಕಡಿಮೆ, ತರಕಾರಿ ಮತ್ತು ಪ್ರೋಟೀನು ಹೆಚ್ಚು. ಈ ನಿಯಮಗಳೆಲ್ಲ ಮನೆಯ ಐವರಿಗೂ ಅನ್ವಯ. ಮಗನೊಬ್ಬನಿಗೆ ಬೇರೆ ತಟ್ಟೆ ಇಡುವುದನ್ನು ಅಂದೇ ನಿಲ್ಲಿಸಿದೆವು.

ಗುರಿಯನ್ನೂ ಬದಲಿಸಿದೆವು. ತೂಕ ಇಳಿಸುವ ಮಾತು ಬಿಟ್ಟೆವು. ಬೆಳೆಯುವ ಮಗುವಿನ ತೂಕ ನಿಧಾನವಾದರೆ ಸಾಕು, ಎತ್ತರ ತಾನಾಗಿ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಶಾಲೆಗೆ ಒಂದು ಪತ್ರ ಕೊಟ್ಟೆ, ಚೀಲ ತಪಾಸಣೆ ನಿಂತಿತು.

ಎಲ್ಲವೂ ಸರಿಹೋಯಿತು ಎಂದು ಇಲ್ಲಿಗೇ ನಿಲ್ಲಿಸಿದರೆ ಸುಳ್ಳಾಗುತ್ತದೆ. ಎರಡು ತಿಂಗಳಲ್ಲಿ ತಂದೆ ಕೈಚೆಲ್ಲಿದರು. ರಕ್ತದಲ್ಲೇ ಬಂದಿರುವಾಗ ಮಗುವನ್ನು ಯಾಕೆ ಹಿಂಸಿಸಬೇಕು, ತಿನ್ನಲಿ ಬಿಡಿ ಎಂದರು. ಆ ಅರ್ಧ ವರ್ಷದಲ್ಲಿ ಹುಡುಗ 6 ಕಿಲೋ ಏರಿ 72 ಕಿಲೋ ಆದ. ವಂಶವಾಹಿಯ ವರದಿ ಅಪರಾಧಿ ಭಾವವನ್ನು ಕಳೆಯುವಂತೆ ಹಣೆಬರಹದ ಭಾವವನ್ನು ತರಲೂಬಲ್ಲದು, ಇದಕ್ಕೆ ನಾನು ಮೊದಲೇ ಸಿದ್ಧಳಾಗಿರಬೇಕಿತ್ತು. ಬ್ರಿಟನ್ನಿನ ಬ್ರಿಸ್ಟಲ್ ಸುತ್ತಮುತ್ತ ಹುಟ್ಟಿದ ಮಕ್ಕಳನ್ನು ಹದಿನೆಂಟರವರೆಗೆ ಹಿಂಬಾಲಿಸಿದ ಅಧ್ಯಯನದ ಅಂಕಿಗಳನ್ನು ತಂದೆಗೆ ತೋರಿಸಿದೆ. ಅಲ್ಲಿ ಸುಮಾರು 340 ಜನರಲ್ಲಿ ಒಬ್ಬರಿಗೆ ಎಂಸಿ4ಆರ್ ಕೆಲಸ ಕೆಡಿಸುವ ಬದಲಾವಣೆ ಇತ್ತು, 18ನೆಯ ವಯಸ್ಸಿಗೆ ಅವರು ಉಳಿದವರಿಗಿಂತ ಸರಾಸರಿ ಸುಮಾರು 17 ಕಿಲೋ ಹೆಚ್ಚು ತೂಗುತ್ತಿದ್ದರು. ಹದಿನೇಳು ಕಿಲೋ ದೊಡ್ಡ ಹೊರೆ, ನಿಜ. ಆದರೆ ಅದು ಸರಾಸರಿ. ಅವರೊಳಗೆ ಸಹಜ ತೂಕದವರೂ ಇದ್ದರು. ಅಂಕಿಗಳು ತಂದೆಯನ್ನು ಅಷ್ಟಾಗಿ ತಟ್ಟಲಿಲ್ಲ. ತಟ್ಟಿದ್ದು, ದಿನವೂ ಎದುರಿಗೆ ಕೂತು ಉಣ್ಣುವ ಅವರ ತಂದೆ. ಬಂದ ಬದಲಾವಣೆ ಒಂದೇ, ಅಪ್ಪ ಹೀಗಿದ್ದಾರೆ, ನಾನು ಹೀಗಿದ್ದೇನೆ ಎಂದು ಅವರೇ ಒಂದು ದಿನ ಹೇಳಿಕೊಂಡರು. ಅಲ್ಲಿಂದ ಮಗನ ಜೊತೆ ತಾವೂ ನಡೆಯಲು ಹೊರಟರು. ಮುಂದಿನ ಒಂದೂವರೆ ವರ್ಷದಲ್ಲಿ ಹುಡುಗ ಏರಿದ್ದು 4 ಕಿಲೋ ಮಾತ್ರ. 12 ವರ್ಷಕ್ಕೆ ತೂಕ 76, ಎತ್ತರ 158.

ಔಷಧದ ಪ್ರಶ್ನೆ

ತಾಯಿ ಸೆಟ್‌ಮೆಲನೊಟೈಡ್ ಬಗ್ಗೆ ಓದಿಕೊಂಡು ಬಂದಿದ್ದರು. ಎಂಸಿ4ಆರ್ ಗ್ರಾಹಕವನ್ನೇ ಎಬ್ಬಿಸುವ ಔಷಧ ಅದು. 2020ರ ನವೆಂಬರಿನಲ್ಲಿ ಅಮೆರಿಕದಲ್ಲಿ ಮಂಜೂರಾದದ್ದು ಪಿಒಎಂಸಿ, ಅದನ್ನು ತುಂಡರಿಸುವ ಪಿಸಿಎಸ್‌ಕೆ1 ಮತ್ತು ಲೆಪ್ಟಿನ್ ಗ್ರಾಹಕದ ಕೊರತೆ ಇರುವವರಿಗೆ. ಅವರಲ್ಲಿ ಕೆಟ್ಟಿರುವುದು ಎಂಸಿ4ಆರ್‌ಗಿಂತ ಮೇಲಿನ ಕೊಂಡಿ. ಎಂಸಿ4ಆರ್‌ನ ಒಂದು ಪ್ರತಿ ಕೆಟ್ಟವರಿಗೆ ಅದು ಮಂಜೂರಾಗಿಲ್ಲ. ಇದನ್ನು ವಿವರಿಸುವಾಗ ಆ ತಾಯಿಯ ಮುಖ ನೋಡುವುದು ಕಷ್ಟವಾಯಿತು.

ಇನ್ನೊಂದು ದಾರಿಯಿತ್ತು. ಜಿಎಲ್‌ಪಿ-1 ವರ್ಗದ ಔಷಧಗಳು ಕರುಳಿನ ಹಾರ್ಮೋನನ್ನು ಅನುಕರಿಸುತ್ತವೆ. ಅವು ತೂಕ ಇಳಿಸಲು ಎಂಸಿ4ಆರ್ ಕೊಂಡಿಯನ್ನೇ ನೆಚ್ಚಿಕೊಂಡಿಲ್ಲ. ಡೆನ್ಮಾರ್ಕಿನ ಒಂದು ಸಣ್ಣ ಅಧ್ಯಯನದಲ್ಲಿ ಈ ವರ್ಗದ ಲಿರಾಗ್ಲುಟೈಡ್ ಪಡೆದ ಎಂಸಿ4ಆರ್ ದೋಷದ ವಯಸ್ಕರು 16 ವಾರಗಳಲ್ಲಿ ಸುಮಾರು 6 ಕಿಲೋ ಇಳಿದರು, ದೋಷವಿಲ್ಲದವರೂ ಅಷ್ಟೇ ಇಳಿದರು. 12 ವರ್ಷ ತುಂಬಿದ ಮೇಲೆ ಹುಡುಗನ ಜೊತೆಯಲ್ಲೇ ಚರ್ಚಿಸಿ ಈ ವರ್ಗದ ಔಷಧ ಆರಂಭಿಸಿದೆವು. ಮೊದಲ ತಿಂಗಳು ಓಕರಿಕೆ ಕಾಡಿತು. ಪ್ರಮಾಣ ಏರಿಸುವುದನ್ನು ನಿಧಾನ ಮಾಡಿದೆವು.

ಒಂದು ವರ್ಷದ ಬಳಿಕ ಔಷಧ ಬೇಡ ಎಂದು ಅವನೇ ನಿಲ್ಲಿಸಿದ. ತಾನು ಗುಣವಾಗಿದ್ದೇನೆ ಎಂದು ಅವನಿಗೆ ಅನಿಸಿತ್ತು. ನಾನು ಬಲವಂತ ಮಾಡಲಿಲ್ಲ. ಹತ್ತನೆಯ ದಿನಕ್ಕೆ ಹಳೆಯ ಹಸಿವು ಮರಳಿತು, ಆರು ವಾರಗಳಲ್ಲಿ 4 ಕಿಲೋ ಏರಿತು. ಮತ್ತೆ ಶುರು ಮಾಡೋಣ ಎಂದು ಫೋನ್ ಮಾಡಿದವನೂ ಅವನೇ. ಆ ಆರು ವಾರ ಅವನು ಕಳೆದುಕೊಂಡದ್ದಕ್ಕಿಂತ ತಿಳಿದುಕೊಂಡದ್ದು ಹೆಚ್ಚು ಎಂದೇ ನನ್ನ ಅಭಿಪ್ರಾಯ.

ತಂಗಿ, ಮತ್ತು ಬಾಗಿಲಿಗೆ ಬಂದವರು

ತಂಗಿಗೂ ಪರೀಕ್ಷೆ ಮಾಡಿಸಬೇಕೇ ಎಂಬ ಪ್ರಶ್ನೆ ಮೊದಲ ವರದಿಯ ದಿನವೇ ಎದ್ದಿತು. ಅವಳಿಗೂ ಅರ್ಧಕ್ಕರ್ಧ ಸಾಧ್ಯತೆ ಇತ್ತು. ಅವಳ ಬೆಳವಣಿಗೆ ಸಹಜ, ಹಸಿವು ಸಹಜ. ಫಲಿತಾಂಶ ಏನೇ ಇದ್ದರೂ ಮನೆಯಲ್ಲಿ ಮಾಡಬೇಕಾದದ್ದು ಅದೇ, ಅದನ್ನು ಎಲ್ಲರಿಗಾಗಿ ಮಾಡುತ್ತಲೇ ಇದ್ದರು. ತೆಳ್ಳಗಿರುವ ಮಗುವಿನ ತಟ್ಟೆಯ ಮೇಲೆ ಎಲ್ಲರ ಕಣ್ಣು ನೆಡುವುದು ನನಗೆ ಬೇಕಿರಲಿಲ್ಲ. ಬೆಳೆದ ಮೇಲೆ ಅವಳೇ ತೀರ್ಮಾನಿಸಲಿ ಎಂದು ಬಿಟ್ಟೆವು. ಮಗನ ವಿಷಯದಲ್ಲಿ ಪರೀಕ್ಷೆ ಸರಿ, ಮಗಳ ವಿಷಯದಲ್ಲಿ ಕಾಯುವುದು ಸರಿ. ಒಂದೇ ಮನೆಯಲ್ಲಿ ಎರಡು ಉತ್ತರ ಇರುವುದು ಕೆಲವರಿಗೆ ವಿಚಿತ್ರವಾಗಿ ಕಂಡಿತು.

ಈ ಕುಟುಂಬದ ವಿಷಯ ಹೇಗೋ ತಿಳಿದು ಹಲವರು ತಮ್ಮ ಮಕ್ಕಳಿಗೂ ಪರೀಕ್ಷೆ ಮಾಡಿಸಿ ಎಂದು ಬಂದರು. ಹೆಚ್ಚಿನವರನ್ನು ಹಾಗೆಯೇ ಕಳಿಸಿದೆ. ತೂಕದ ಮೇಲೆ ವಂಶದ ಪ್ರಭಾವ ಎಲ್ಲರಲ್ಲೂ ಇದೆ. ಡೆನ್ಮಾರ್ಕಿನ 540 ದತ್ತು ಮಕ್ಕಳ 1986ರ ಅಧ್ಯಯನದಲ್ಲಿ, ದೊಡ್ಡವರಾದ ಮೇಲೆ ಅವರ ಮೈಕಟ್ಟು ಹೆತ್ತವರದನ್ನು ಹೋಲಿತು, ಸಾಕಿದವರದನ್ನಲ್ಲ. ಆದರೆ ಬಹುಪಾಲು ಜನರಲ್ಲಿ ಈ ಪ್ರಭಾವ ನೂರಾರು ಸಣ್ಣ ಬದಲಾವಣೆಗಳ ಒಟ್ಟು ಮೊತ್ತ. ಅವುಗಳಲ್ಲಿ ಹೆಸರಾದದ್ದು, ಬೊಜ್ಜಿನೊಂದಿಗಿನ ನಂಟು 2007ರಲ್ಲಿ ಪತ್ತೆಯಾದ ಎಫ್‌ಟಿಒ ಎಂಬ ವಂಶವಾಹಿಯದು. ಅದರ ಎರಡೂ ಪ್ರತಿಗಳು ಅಪಾಯದ ಬಗೆಯವಾಗಿದ್ದರೆ ಸರಾಸರಿ 3 ಕಿಲೋ ಹೆಚ್ಚುತ್ತದೆ, ಅಷ್ಟೇ. ಅದಕ್ಕಾಗಿ ಮಗುವಿನ ರಕ್ತ ತೆಗೆಯಬೇಕಿಲ್ಲ. ಐದು ವರ್ಷದೊಳಗೆ ತೀವ್ರ ಬೊಜ್ಜು ಬಂದು, ತೀರದ ಹಸಿವು ಅಥವಾ ಲಕ್ಷಣಕೂಟದ ಬೇರೆ ಗುರುತು ಇದ್ದರೆ, ಇಲ್ಲವೇ ಮನೆತನದಲ್ಲಿ ಹೀಗೆಯೇ ಇದ್ದರೆ ಪರೀಕ್ಷೆ ಯೋಚಿಸಬೇಕು ಎಂಬುದು 2017ರ ಅಂತಃಸ್ರಾವ (ಹಾರ್ಮೋನು) ತಜ್ಞರ ಮಾರ್ಗಸೂಚಿಯ ಸಾರ. ನಮ್ಮ ಹುಡುಗನಲ್ಲಿ ಇವೆಲ್ಲವೂ ಮೊದಲ ಭೇಟಿಯಲ್ಲೇ ನನ್ನ ಎದುರಿಗಿದ್ದವು.

ಕೊನೆಯ ಭೇಟಿ

ಈಗ ಅವನಿಗೆ 14. ತೂಕ 78 ಕಿಲೋ, ಎತ್ತರ 170 ಸೆಂಟಿಮೀಟರ್. ಎತ್ತರಕ್ಕೆ ತಕ್ಕಂತೆ ತೂಕವನ್ನು ಅಳೆಯುವ ಬಿಎಂಐ 30ರಿಂದ 27ಕ್ಕೆ ಬಂದಿದೆ. ವಯಸ್ಸಾದಂತೆ ಸಹಜ ಬಿಎಂಐ ಏರುತ್ತ ಹೋಗುವುದರಿಂದ ಈ ಇಳಿಕೆ ಅಂಕಿಯಲ್ಲಿ ಕಾಣುವುದಕ್ಕಿಂತ ದೊಡ್ಡದು. ಸ್ಥೂಲಕಾಯದ ಗೆರೆಯ ಆಚೆಗೇ ಇದ್ದಾನೆ, ಆದರೆ ಗೆರೆ ಈಗ ಹತ್ತಿರದಲ್ಲಿದೆ. ಇನ್ಸುಲಿನ್ ಇಳಿದಿದೆ, ನಿದ್ರೆಯಲ್ಲಿ ಉಸಿರು ಕಟ್ಟುವುದು ನಿಂತಿದೆ. ಈ ದೋಷವಿರುವವರಲ್ಲಿ ದೊಡ್ಡವರಾದ ಮೇಲೆ ಹಸಿವು ಕೊಂಚ ತಗ್ಗುತ್ತದೆ ಎಂಬುದು ನಾನು ಅವನಿಗೆ ಹೇಳಿರುವ ಇನ್ನೊಂದು ನಿಜ.

ನೋಟ್‌ಬುಕ್ ಇನ್ನೂ ಇದೆ, ಕೈಬರಹ ಬದಲಾಗಿದೆ. ಈಗ ಅವನೇ ಬರೆಯುತ್ತಾನೆ. ತಿಂದದ್ದರ ಲೆಕ್ಕ ಅದರಲ್ಲಿಲ್ಲ. ಊಟಕ್ಕೆ ಮುಂಚೆ ಹಸಿವು ಹತ್ತಕ್ಕೆ ಎಷ್ಟು, ಊಟವಾಗಿ ಇಪ್ಪತ್ತು ನಿಮಿಷಕ್ಕೆ ಎಷ್ಟು ಎಂದು ಎರಡು ಕಾಲಮ್ಮು. ಕಳೆದ ಸಲ ಪುಟ ತಿರುವುವಾಗ ಶನಿವಾರದ ಮಧ್ಯಾಹ್ನದ ಎರಡೂ ಮನೆ ಖಾಲಿ ಇದ್ದವು. ಯಾಕೆ ಬರೆದಿಲ್ಲ ಎಂದು ಕೇಳಿದೆ.

“ಆಡುತ್ತಿದ್ದೆ ಡಾಕ್ಟರ್. ಅಮ್ಮ ಕರೆಯುವವರೆಗೆ ಊಟದ ನೆನಪೇ ಬರಲಿಲ್ಲ.”